ಮೂಡುಬಿದಿರೆಯಲ್ಲಿ ಬಿಡಾರ ಹೂಡಿದ್ದರೆ

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತಾಯಿಯೊಂದಿಗೆ ಯುರೋಪು ಪ್ರವಾಸಕ್ಕೆ ಹೊರಟಿದ್ದಾನೆ. ಒಂದೆರಡು ನಗರಗಳಲ್ಲಷ್ಟೇ ತಂಗುವುದೇ, ದಿನಕ್ಕೊಂದು ಊರಿಗೆ ಗಂಟುಮೂಟೆ ಸಾಗಿಸುವುದೇ ಎಂದು ಕೇಳಿದ. ಯುರೋಪನ್ನು ಕಂಡವನಲ್ಲ ನಾನು; ನಮ್ಮ ಸೀಮೆಯ ಚರಿತ್ರೆಯನ್ನು ಮಾತ್ರ ಬಲ್ಲೆ.

1801ರಲ್ಲಿ ಕಂಪೆನಿ ಸರಕಾರಕ್ಕಾಗಿ ಈ ಭಾಗವನ್ನು ಸಮೀಕ್ಷಿಸಿದ ಫ್ರಾನ್ಸಿಸ್ ಬುಕಾನನ್, ಬಂಟ್ವಾಳ, ಬೆಳ್ತಂಗಡಿ, ವೇಣೂರು, ಮೂಡುಬಿದಿರೆ, ಕಾರ್ಕಳ ಎಂದು ಬಿಡಾರ ಹೂಡುತ್ತ ಕೀಳುತ್ತ ಸಾಗಿದ. ಅಂದು ಬಸ್ಸಿರಲಿಲ್ಲ, ಬೇರೆ ದಾರಿಯೂ ಇರಲಿಲ್ಲ.

ಬಸ್ಸಿದ್ದ ಕಾಲದಲ್ಲಿ ಅಕ್ಕನನ್ನು ಕರೆದೊಯ್ದ ನಾನೂ ಅವನ ಹಾದಿಯನ್ನೇ ಹಿಡಿದೆ. ಚರಿತ್ರೆಯ ಮಾಷ್ಟ್ರ ಹುಚ್ಚು! ಬಂಟ್ವಾಳದಲ್ಲೊಂದು ರಾತ್ರಿ, ಬೆಳ್ತಂಗಡಿಯಲ್ಲೊಂದು ರಾತ್ರಿ. ಗಡಾಯಿಕಲ್ಲಿನ ಮೇಲೆ ಟಿಪ್ಪು 1794ರಲ್ಲಿ ಕಟ್ಟಿಸಿದ ಜಮಾಲಾಬಾದ್ ಕೋಟೆಯನ್ನು ಕೆಳಗಿನಿಂದಲೇ ನೋಡಿದೆವು. ತಿಮ್ಮಣ್ಣ ಅಜಿಲರು 1604ರಲ್ಲಿ ವೇಣೂರಿನಲ್ಲಿ ನಿಲ್ಲಿಸಿದ ಮೂವತ್ತೈದು ಅಡಿಯ ಗೊಮ್ಮಟನಿಗೆ ಅಕ್ಕ ಕೈಮುಗಿದಳು. ಮೂಡುಬಿದಿರೆಗೆ ಬರುವಷ್ಟರಲ್ಲಿ ಆಕೆಯ ಮೊಣಕಾಲು ಬಾತಿತ್ತು. 1430ರ ಸಾವಿರ ಕಂಬದ ಬಸದಿಯ ಜಗಲಿಯಲ್ಲಿ ಕುಳಿತವಳು, "ಕಾರ್ಕಳ ಇನ್ನೊಮ್ಮೆ ನೋಡುವ, ತಮ್ಮ" ಎಂದಳು.

ಆಕೆ ಹೊರಟಿದ್ದೇ 1432ರ ಆ ಕಾರ್ಕಳದ ಗೊಮ್ಮಟನಿಗಾಗಿ. ಮೂಡುಬಿದಿರೆಯಲ್ಲೇ ಮೂರೂ ರಾತ್ರಿ ತಂಗಿದ್ದರೆ ಬಡಗಲಿಗೆ ಕಾರ್ಕಳ, ಮೂಡಲಿಗೆ ವೇಣೂರು, ತೆಂಕಲಿಗೆ ಬಂಟ್ವಾಳ, ಎಲ್ಲವೂ ಹೆಚ್ಚುಕಡಿಮೆ ಒಂದು ಗಂಟೆಯ ಬಸ್ಸುದಾರಿ. ಮರುವರ್ಷ ಅಕ್ಕ ಇರಲಿಲ್ಲ.

ಒಂದೇ ಊರಿನಲ್ಲಿ ತಂಗು ಎಂದು ಹುಡುಗನಿಗೆ ಬರೆದಿದ್ದೇನೆ. ಅಮ್ಮ ಯಾವುದನ್ನು ನೋಡಬೇಕೆಂದಿದ್ದಾರೋ ಕೇಳಿಕೊಂಡು, ಅದನ್ನು ಮೊದಲ ದಿನಕ್ಕೇ ಇಟ್ಟುಕೊಳ್ಳಲೂ ಹೇಳಿದ್ದೇನೆ.