ಬ್ರಷ್ಷೋ ಕೈಗವಸೋ: ಗಾಡಿ ತೊಳೆದವರ ಕಥೆ

ಕಾರಿಗಿಂತ ಮೊದಲು ಸಾರೋಟು ಇತ್ತು. ಸಾರೋಟಿಗೆ ಬಣ್ಣವಿತ್ತು, ಬಣ್ಣದ ಮೇಲೆ ವಾರ್ನಿಷ್ ಇತ್ತು, ಆ ವಾರ್ನಿಷ್ ಕೆಡದಂತೆ ಕಾಯಲು ಒಬ್ಬ ಆಳಿದ್ದ. ಹತ್ತೊಂಬತ್ತನೆಯ ಶತಮಾನದ ಲಂಡನ್ನಿನಲ್ಲಿ ಶ್ರೀಮಂತರ ಮನೆಗಳ ಹಿಂದೆ ಮ್ಯೂಸ್ ಎಂಬ ಲಾಯದ ಓಣಿಗಳಿದ್ದವು. ಕೆಳಗೆ ಕುದುರೆ ಮತ್ತು ಗಾಡಿ, ಮೇಲೆ ಅಟ್ಟದಲ್ಲಿ ಗಾಡಿ ಹೊಡೆಯುವವನ ಸಂಸಾರ. ನಾಟಕವೋ ಔತಣವೋ ಮುಗಿಸಿ ಯಜಮಾನರು ಮಧ್ಯರಾತ್ರಿ ಮನೆಗೆ ಬಂದು ಮಲಗಿದ ಮೇಲೆ ಈ ಓಣಿಯಲ್ಲಿ ಕೆಲಸ ಶುರುವಾಗುತ್ತಿತ್ತು. ಒಂದು ಒಳ್ಳೆಯ ಸಾರೋಟಿಗೆ ಹದಿನೈದು ಇಪ್ಪತ್ತು ಲೇಪ ಬಣ್ಣ ಬಳಿದು, ನಡುನಡುವೆ ಪ್ಯೂಮಿಸ್ ಕಲ್ಲಿನಿಂದ ಉಜ್ಜಿ, ಕೊನೆಗೆ ವಾರ್ನಿಷ್ ಕೊಟ್ಟು ಒಣಗಿಸಲು ವಾರಗಟ್ಟಲೆ ಹಿಡಿಯುತ್ತಿತ್ತು. ಕುದುರೆ ಲದ್ದಿಯಿಂದ ಏಳುವ ಅಮೋನಿಯಾ ಹೊಗೆಗೇ ಅದು ಮಂಕಾಗುತ್ತಿತ್ತು. ಹಾಗಾಗಿ ಗಾಡಿ ಕೊಟ್ಟಿಗೆಯನ್ನೂ ಲಾಯವನ್ನೂ ಗೋಡೆ ಹಾಕಿ ಬೇರೆ ಮಾಡಿರಬೇಕೆಂದು ಆ ಕಾಲದ ಕೈಪಿಡಿಗಳು ಒತ್ತಿ ಹೇಳುತ್ತವೆ.

ಆ ಕೈಪಿಡಿಗಳ ತೊಳೆಯುವ ನಿಯಮಗಳನ್ನು ಓದುವಾಗ ನನಗೆ ಮಡಿ ಮೈಲಿಗೆಯ ನೆನಪಾಗುತ್ತದೆ. ಬಿಸಿಲಿನಲ್ಲಿ ತೊಳೆಯಬಾರದು. ಬಿಸಿನೀರು ಮುಟ್ಟಿಸಬಾರದು. ಕೆಸರು ಒಣಗಿದ್ದರೆ ಒರೆಸಬಾರದು. ಮೊದಲು ನೀರು ಸುರಿದು, ಅದು ತಾನಾಗಿ ನೆನೆದು ಜಾರುವವರೆಗೆ ಕಾಯಬೇಕು. ಗಾಡಿಯ ಮೈಗೆ ಹಿಡಿಯುವ ಸ್ಪಂಜು ಬೇರೆ, ಕೆಳಭಾಗಕ್ಕೆ ಹಿಡಿಯುವ ಸ್ಪಂಜು ಬೇರೆ, ಒಂದನ್ನು ಇನ್ನೊಂದರ ಬಕೆಟ್ಟಿಗೆ ಅದ್ದುವಂತಿಲ್ಲ. ಬ್ರಷ್ ಇರುವುದು ಚಕ್ರದ ಅರಗಳ ನಡುವಿನ ಸಂದಿಗೆ ಮಾತ್ರ, ಮೈಗೆ ಬ್ರಷ್ ತಾಕಿದರೆ ಅಪರಾಧ. ಕೊನೆಗೆ ಒದ್ದೆ ಹೀರಲು ಶಾಮಿ ಚರ್ಮ. ಹೆಸರು ಆಲ್ಪ್ಸ್ ಬೆಟ್ಟದ ಕಾಡುಮೇಕೆಯದು, ಆದರೆ ಸಾಮಾನ್ಯವಾಗಿ ಸಿಗುತ್ತಿದ್ದುದು ಕಾಡ್ ಮೀನಿನ ಎಣ್ಣೆ ಕುಡಿಸಿ ಹದ ಮಾಡಿದ ಕುರಿಯ ತೊಗಲು. ಇವತ್ತಿನ ಕಾರುಪ್ರಿಯರು ಹೊಸ ವಿದ್ಯೆಯೆಂಬಂತೆ ಹೇಳುವ ಎರಡು ಬಕೆಟ್ಟಿನ ಪದ್ಧತಿ, ನೆರಳಿನಲ್ಲಿ ತೊಳೆಯುವುದು, ಮೊದಲು ನೀರು ಹೊಡೆಯುವುದು ಎಲ್ಲವೂ ಆ ಓಣಿಯ ಆಳುಗಳಿಗೆ ಗೊತ್ತಿತ್ತು. ತಪ್ಪಿದರೆ ಅವರ ಕೆಲಸ ಹೋಗುತ್ತಿತ್ತು, ಅದಕ್ಕೇ ಗೊತ್ತಿತ್ತು.

ಇಷ್ಟೆಲ್ಲ ಕಟ್ಟುಪಾಡು ಒಂದು ಮರಳಿನ ಕಣಕ್ಕಾಗಿ. ರಸ್ತೆಯ ಧೂಳಿನಲ್ಲಿ ಸ್ಫಟಿಕ ಶಿಲೆಯ ಪುಡಿ ಇರುತ್ತದೆ. ಖನಿಜಗಳ ಗಡಸುತನವನ್ನು ಅಳೆಯುವ ಮೋಸ್ ಅಳತೆಯಲ್ಲಿ ಸ್ಫಟಿಕಕ್ಕೆ 7, ಸಾಧಾರಣ ಉಕ್ಕಿನ ಚಾಕುವಿಗೆ ಸುಮಾರು 5.5. ಅಂದರೆ ಚಾಕುವಿಗೇ ಗೀರು ಹಾಕುವ ವಸ್ತುವದು, ವಾರ್ನಿಷ್ ಯಾವ ಲೆಕ್ಕ? ಗಾಡಿಯ ಮೇಲೆ ಗೀರು ಬಿದ್ದಾಗ ನಾವು ಬ್ರಷ್ಷನ್ನೋ ಬಟ್ಟೆಯನ್ನೋ ಬೈಯುತ್ತೇವೆ, ಗೀರುವುದು ಬಹುಪಾಲು ಅವುಗಳಿಗೆ ಸಿಕ್ಕಿಕೊಂಡ ಮರಳು. ಬಿಸಿಲಿಗೆ ಹಿಡಿದಾಗ ಈ ಗೀರುಗಳು ಜೇಡರ ಬಲೆಯ ಹಾಗೆ ಸುತ್ತುಸುತ್ತಾಗಿ ಕಾಣುತ್ತವೆ. ತೊಳೆಯುವವನು ಕೈಯನ್ನು ಗುಂಡಗೆ ತಿರುಗಿಸಿದ್ದರಿಂದ ಹೀಗಾಯಿತೆಂದು ಮಾಲೀಕರು ರೇಗುವುದನ್ನು ಕೇಳಿದ್ದೇನೆ. ಹಾಗೇನೂ ಇರಬೇಕಿಲ್ಲ. ಮನೆಯ ಹಳೆಯ ಸ್ಟೀಲ್ ತಟ್ಟೆಯನ್ನು ಬಲ್ಬಿನ ಕೆಳಗೆ ಹಿಡಿದು ನೋಡಿ: ಗೀರುಗಳು ಎತ್ತೆತ್ತಲೋ ಹೋಗಿರುತ್ತವೆ, ಆದರೆ ಬೆಳಕಿನ ಬಿಂಬದ ಸುತ್ತ ಅಡ್ಡಲಾಗಿ ಬಿದ್ದವು ಮಾತ್ರ ಹೊಳೆದು ವೃತ್ತಗಳಂತೆ ತೋರುತ್ತವೆ. ಬೀದಿದೀಪದ ಮುಂದಿನ ಮರದ ಕೊಂಬೆಗಳು ದೀಪವನ್ನು ಸುತ್ತುವರಿದ ಗೂಡಿನ ಹಾಗೆ ಕಾಣುವುದೂ ಇದೇ ಕಾರಣಕ್ಕೆ.

ಸ್ಪಂಜು ಮೃದುವಾದದ್ದು ಎನ್ನುತ್ತೇವಲ್ಲ, ಅದು ಬಂದ ದಾರಿ ಮೃದುವಾಗಿರಲಿಲ್ಲ. ಕಾರ್ಖಾನೆಯ ಸ್ಪಂಜು ಬರುವ ಮೊದಲು ಸ್ಪಂಜೆಂದರೆ ಸಮುದ್ರದ ತಳದ ಒಂದು ಜೀವಿಯ ಅಸ್ಥಿಪಂಜರ. ಗ್ರೀಸಿನ ಕಾಲಿಮ್ನೋಸ್ ದ್ವೀಪದವರು ತಲೆಮಾರುಗಳಿಂದ ಉಸಿರು ಕಟ್ಟಿ ಮುಳುಗಿ ಅದನ್ನು ಕಿತ್ತು ತರುತ್ತಿದ್ದರು. 1860ರ ದಶಕದಲ್ಲಿ ಮೇಲಿನಿಂದ ಗಾಳಿ ಒತ್ತುವ ಮುಳುಗು ಪೋಷಾಕು ಬಂತು. ಇನ್ನೂ ಆಳಕ್ಕೆ ಇಳಿಯಬಹುದು, ಇನ್ನೂ ಹೊತ್ತು ಇರಬಹುದು, ಇನ್ನೂ ಹೆಚ್ಚು ಸ್ಪಂಜು ಕೀಳಬಹುದು. ಆದರೆ ಆಳದಿಂದ ಬೇಗನೆ ಮೇಲೆದ್ದರೆ ರಕ್ತದಲ್ಲಿ ಸಾರಜನಕದ ಗುಳ್ಳೆಗಳೇಳುತ್ತವೆ ಎಂಬುದು ಅವರಿಗೆ ತಿಳಿದಿರಲಿಲ್ಲ. ಎಷ್ಟೋ ಮಂದಿ ಸತ್ತರು, ಇನ್ನೆಷ್ಟೋ ಮಂದಿ ಸೊಂಟದ ಕೆಳಗೆ ಸ್ವಾಧೀನ ತಪ್ಪಿ ಊರಿಗೆ ಮರಳಿದರು. ಕಾಲಿಮ್ನೋಸಿನಲ್ಲಿ ಇಂದಿಗೂ ಒಂದು ಕುಣಿತವಿದೆ. ಅದರಲ್ಲಿ ಸಾಲಿನ ಮುಂದಾಳು ಕೋಲೂರಿಕೊಂಡು, ನಡುಗುವ ಕಾಲುಗಳಲ್ಲಿ ಹೆಜ್ಜೆ ಹಾಕುತ್ತಾನೆ. ಯಾರದೋ ಸಾರೋಟಿನ ವಾರ್ನಿಷ್ಷಿಗೆ ಗೀರು ಬೀಳದಿರಲೆಂಬುದಕ್ಕೂ ಆ ನಡುಗುವ ಕಾಲಿಗೂ ಎಷ್ಟು ದೂರ ಎಂದು ಯೋಚಿಸಿದ್ದೇನೆ. ಸ್ಪಂಜು ಸ್ನಾನಕ್ಕೂ ಆಸ್ಪತ್ರೆಗೂ ಕಾರ್ಖಾನೆಗೂ ಹೋಗುತ್ತಿತ್ತು ನಿಜ, ಆದರೆ ಗಾಡಿ ಕೊಟ್ಟಿಗೆಗೂ ಹೋಗುತ್ತಿತ್ತು. 1938ರಲ್ಲಿ ಬಹಾಮಾಸ್ ಕಡೆಯ ಸಮುದ್ರದಲ್ಲಿ ಸ್ಪಂಜುಗಳಿಗೆ ಒಂದು ರೋಗ ತಗುಲಿ ಅಲ್ಲಿನ ಕಸುಬೇ ನೆಲಕಚ್ಚಿತು. ಮುಂದಿನ ದಶಕಗಳಲ್ಲಿ ಆ ಜಾಗವನ್ನು ಸೆಲ್ಯುಲೋಸ್ ಸ್ಪಂಜು, ಆಮೇಲೆ ಪಾಲಿಯುರೆಥೇನ್ ಫೋಮು ತುಂಬಿದವು.

ಬ್ರಷ್ಷಿನದು ಇನ್ನೊಂದು ದಾರಿ. ಒಳ್ಳೆಯ ಬ್ರಷ್ಷೆಂದರೆ ಹಂದಿಯ ಕೂದಲಿನ ಬ್ರಷ್. ಹಂದಿ ಕೂದಲಿನ ತುದಿ ಹುಟ್ಟಿನಿಂದಲೇ ಸೀಳಿಕೊಂಡಿರುತ್ತದೆ. ಒಂದೊಂದು ಕೂದಲೂ ತುದಿಯಲ್ಲಿ ನಾಲ್ಕಾರು ಎಳೆಯಾಗಿ ನೀರನ್ನು ಹಿಡಿದುಕೊಳ್ಳುತ್ತದೆ, ಒತ್ತಿದರೆ ಬಾಗುತ್ತದೆ. ಜಗತ್ತಿಗೆ ಇದನ್ನು ದೊಡ್ಡ ಪ್ರಮಾಣದಲ್ಲಿ ಕೊಡುತ್ತಿದ್ದುದು ಚೀನಾ, ಅದರಲ್ಲೂ ಚೊಂಗ್‌ಚಿಂಗ್ ನಗರಕ್ಕೆ ಹೆಸರಿತ್ತು. ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರು ಬರ್ಮಾ ದಾರಿ ಮುಚ್ಚಿದಾಗ ಅಸ್ಸಾಮಿನ ವಿಮಾನ ನೆಲೆಗಳಿಂದ ಹಿಮಾಲಯ ದಾಟಿ ಚೀನಾಕ್ಕೆ ಪೆಟ್ರೋಲು, ಮದ್ದುಗುಂಡು ಸಾಗಿಸುತ್ತಿದ್ದರಷ್ಟೆ. ನೂರಾರು ವಿಮಾನಗಳು ಆ ಕಣಿವೆಗಳಲ್ಲಿ ಬಿದ್ದುಹೋದವು. ಅಷ್ಟು ಅಪಾಯದ ಹಾದಿಯಲ್ಲಿ ಹಿಂದಿರುಗುವ ವಿಮಾನಗಳು ತುಂಬಿಕೊಂಡು ಬರುತ್ತಿದ್ದ ಸರಕಿನಲ್ಲಿ ಟಂಗ್‌ಸ್ಟನ್, ತವರಗಳ ಜೊತೆಗೆ ಹಂದಿ ಕೂದಲೂ ಇತ್ತು! ಹಡಗುಗಳಿಗೆ ಬಣ್ಣ ಹೊಡೆಯಲು ಬ್ರಷ್ ಬೇಕಿತ್ತು, ಅಮೆರಿಕಕ್ಕೆ ಅದು ಯುದ್ಧ ಸಾಮಗ್ರಿಯೇ ಆಗಿತ್ತು. ಅಷ್ಟರಲ್ಲಿ ಡುಪಾಂಟ್ ಕಂಪನಿಯ ನೈಲಾನ್ ಬಂದಿತ್ತು. 1938ರಲ್ಲಿ ಹಲ್ಲುಜ್ಜುವ ಬ್ರಷ್ಷಿಗೆ ಬಂದ ನೈಲಾನ್ ಕೂದಲು ನಿಧಾನವಾಗಿ ಉಳಿದ ಬ್ರಷ್ಷುಗಳಿಗೂ ಹರಡಿತು. ನೈಲಾನ್ ಅಗ್ಗ, ಕೊಳೆಯುವುದಿಲ್ಲ, ಆದರೆ ಅದರ ತುದಿಯನ್ನು ಯಂತ್ರದಲ್ಲಿ ಸೀಳಬೇಕು. ಸೀಳದೆ ಹಾಗೇ ಬಿಟ್ಟರೆ ಪ್ರತಿ ಕೂದಲೂ ಒಂದು ಸಣ್ಣ ಕಡ್ಡಿ.

ಕಾರು ಬಂದ ಮೇಲೆ ಬ್ರಷ್ಷಿಗೆ ಗಾಡಿಯ ಮೈ ಮುಟ್ಟುವ ಹಕ್ಕು ಸಿಕ್ಕಿದ್ದಕ್ಕೆ ಬಣ್ಣ ಬದಲಾದದ್ದೇ ಕಾರಣವೆಂದು ನನ್ನ ಎಣಿಕೆ. ಮೊದಮೊದಲ ಕಾರುಗಳ ಮೈಗೆ ಸಾರೋಟಿನದೇ ಬಣ್ಣ, ಸಾರೋಟಿನದೇ ವಾರ್ನಿಷ್. 1914ರಿಂದ 1925ರವರೆಗೆ ಫೋರ್ಡ್ ಕಂಪನಿ ಮಾಡೆಲ್ ಟಿ ಕಾರನ್ನು ಕಪ್ಪು ಬಣ್ಣದಲ್ಲಿ ಮಾತ್ರ ಮಾರಿತು. ಆ ಕಪ್ಪನ್ನು ಒಲೆಯಲ್ಲಿ ಕಾಯಿಸಿ ಗಟ್ಟಿ ಮಾಡುತ್ತಿದ್ದರು. 1924ರ ಮಾದರಿಯ ಓಕ್‌ಲ್ಯಾಂಡ್ ಕಾರುಗಳಿಗೆ ಜನರಲ್ ಮೋಟಾರ್ಸ್ ಡುಕೊ ಎಂಬ ನೈಟ್ರೋಸೆಲ್ಯುಲೋಸ್ ಬಣ್ಣ ಹೊಡೆದಾಗ ವಾರಗಳ ಕೆಲಸ ಗಂಟೆಗಳಿಗೆ ಇಳಿಯಿತು. ಬಣ್ಣ ಅಗ್ಗವಾಯಿತು, ಕಾರು ಅಗ್ಗವಾಯಿತು, ಆಳಿನ ಕಾಲ ಮುಗಿದು ಮಾಲೀಕನೇ ಭಾನುವಾರ ಪೈಪು ಹಿಡಿಯುವ ಕಾಲ ಬಂತು. ನೀರಿನ ಪೈಪಿಗೇ ಸಿಕ್ಕಿಸುವ ಉದ್ದ ಹಿಡಿಯ ಬ್ರಷ್ಷು ಅವನಿಗೆ ವರವೇ ಸರಿ. ಬಾಗಬೇಕಿಲ್ಲ, ಕೈ ಒದ್ದೆಯಾಗಬೇಕಿಲ್ಲ, ಕಾರಿನ ನೆತ್ತಿಯೂ ಎಟುಕುತ್ತದೆ. ಡೆಟ್ರಾಯಿಟ್‌ನಲ್ಲಿ 1914ರಲ್ಲೇ ಕಾರುಗಳನ್ನು ಸಾಲಾಗಿ ತಳ್ಳುತ್ತ, ಒಬ್ಬ ಸೋಪು ಹಾಕಿ ಇನ್ನೊಬ್ಬ ತೊಳೆದು ಮತ್ತೊಬ್ಬ ಒರೆಸುವ ಅಂಗಡಿಯೊಂದು ತೆರೆದಿತ್ತು. ಯುದ್ಧಾನಂತರ ಆ ಕೈಗಳ ಜಾಗಕ್ಕೆ ತಿರುಗುವ ಬ್ರಷ್ಷುಗಳು ಬಂದವು.

ಇಲ್ಲೂ ಅಂಥದ್ದೇ ಕಾಲ ಇತ್ತು, ಬೇರೆ ರೂಪದಲ್ಲಿ. ಅಂಬಾಸಿಡರ್ ಕಾರಿಗೆ ಬಣ್ಣವೇ ಮೇಲ್ಮೈ, ಅದರ ಮೇಲೆ ಬೇರೆ ಪಾರದರ್ಶಕ ಪದರವಿಲ್ಲ. ಪಾಲಿಷ್ ತಿಕ್ಕಿದರೆ ಬಟ್ಟೆಗೆ ಕಾರಿನ ಬಣ್ಣವೇ ಅಂಟುತ್ತಿತ್ತು. ಡ್ರೈವರುಗಳ ಕೈಯಲ್ಲಿ ಕೋಳಿ ಪುಕ್ಕದ ಡಸ್ಟರು, ಹಳದಿ ಬಟ್ಟೆ. ಗ್ಯಾರೇಜಿನಲ್ಲಾದರೆ ಬನಿಯನ್ ವೇಸ್ಟು. ಹಳ್ಳಿ ಕಡೆ ಲಾರಿಯನ್ನು ಹಳ್ಳಕ್ಕೆ ಇಳಿಸಿ, ಎತ್ತಿನ ಮೈ ಉಜ್ಜುವ ಹುಲ್ಲಿನ ಹಿಡಿಯಿಂದಲೇ ಅದರ ಮೈಯನ್ನೂ ಉಜ್ಜುತ್ತಿದ್ದರು. ಗೀರು ಬಿದ್ದರೆ ಬಿತ್ತು, ಲಾರಿಗೇನು ಮದುವೆಯೇ?

ಕೈಗವಸು ಬಂದದ್ದು ಮತ್ತೆ ಬಣ್ಣದ ದೆಸೆಯಿಂದ. 1970ರ ದಶಕದ ಕೊನೆಯಿಂದ 80ರ ದಶಕದವರೆಗೆ ಕಾರು ಕಂಪನಿಗಳು ಬಣ್ಣದ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ ಕೊಡುವುದಕ್ಕೆ ಒಂದೊಂದಾಗಿ ಹೊರಳಿಕೊಂಡವು. ಕನ್ನಡಿಯಂತೆ ಹೊಳೆಯುವ ಆ ಪದರದ ದಪ್ಪ ಸುಮಾರು 40ರಿಂದ 50 ಮೈಕ್ರಾನ್, ತಲೆಗೂದಲಿಗಿಂತ ತೆಳ್ಳಗೆ. ಹೊಳಪು ಹೆಚ್ಚಾದಷ್ಟೂ ಗೀರು ಎದ್ದು ಕಾಣುತ್ತದೆ, ಕಪ್ಪು ಕಾರಿನಲ್ಲಂತೂ ಕೇಳುವುದೇ ಬೇಡ. ಹೀಗೆ ಕಾರು ಮತ್ತೆ ಸಾರೋಟಾಯಿತು. ಕುರಿಯ ಉಣ್ಣೆಯ, ಆಮೇಲೆ ಮೈಕ್ರೋಫೈಬರಿನ ಕೈಗವಸು ಅಂಗಡಿಗೆ ಬಂತು. ಅಂಗಡಿಯವರು ಅದನ್ನು ವಾಶ್ ಮಿಟ್ ಎನ್ನುತ್ತಾರೆ. ತಮಾಷೆಯೆಂದರೆ ತೊಳೆಯುವ ಕೈಗವಸು ಮೂಲತಃ ಒರಟು ವಸ್ತು. ತುರ್ಕಿಯ ಹಮಾಮುಗಳಲ್ಲಿ ಕೆಸೆ ಎಂಬ ಒರಟು ಬಟ್ಟೆಯ ಗವಸು ತೊಟ್ಟು ಮೈಯ ಕೊಳೆಯನ್ನು ಸುರುಳಿ ಸುರುಳಿಯಾಗಿ ತೆಗೆಯುತ್ತಿದ್ದರು, ಈಗಲೂ ತೆಗೆಯುತ್ತಾರೆ. ಇಂಗ್ಲೆಂಡಿನಲ್ಲಿ ಕುದುರೆಗೆ ಮಾಲೀಸು ಮಾಡಲು ಕುದುರೆ ಕೂದಲಿನದೇ ಗವಸು ಇತ್ತು. ಚರ್ಮಕ್ಕೆ ಒರಟು, ತಗಡಿಗೆ ಮೃದು ಎಂಬಲ್ಲಿಗೆ ನಾವು ಬಂದು ತಲುಪಿದ್ದೇವೆ.

ಗವಸಿನ ಪರವಾಗಿ ಹೇಳುವ ಮಾತು ನಿಜ. ಅದರ ಉದ್ದ ಎಳೆಗಳ ನಡುವೆ ಮರಳು ಒಳಕ್ಕೆ ಸರಿದುಕೊಳ್ಳುತ್ತದೆ, ಬಣ್ಣಕ್ಕೂ ಕೈಗೂ ನಡುವೆ ಒತ್ತಿಕೊಂಡು ಉಳಿಯುವುದಿಲ್ಲ. ಬೆರಳಿಗೆ ಅಡ್ಡಬರುವ ಹರಳೂ ಗೊತ್ತಾಗುತ್ತದೆ. ಆದರೆ ನಮ್ಮ ವಸತಿ ಸಮುಚ್ಚಯದಲ್ಲಿ ಬೆಳಗಿನ ಜಾವ ಕಾರು ತೊಳೆಯಲು ಬರುವ, ರಾಯಚೂರು ಕಡೆಯ ಹಿರಿಯರೊಬ್ಬರು ಇದರ ಇನ್ನೊಂದು ಮಗ್ಗುಲು ಹೇಳಿದರು. ಯಾರೋ ಕೊಟ್ಟ ಹೊಸ ಗವಸನ್ನು ಹಿಂಡುತ್ತ ನಿಂತಿದ್ದರು. ಹೇಗಿದೆ ಎಂದು ಕೇಳಿದೆ.

“ಚಲೋ ಐತ್ರಿ ಸರ. ಆದ್ರ ಬ್ರಷ್ ಕೊಡವಿದ್ರ ಮಣ್ಣು ಬೀಳ್ತದ. ಇದು ಬಿಡಂಗಿಲ್ಲ ನೋಡ್ರಿ, ಒಳಗ ಇಟ್ಕೊಂಡು ಕುಂದರ್ತದ. ಇದನ್ನ ತೊಳಿಯಾಕ ಒಂದು ಬಕೆಟ್ ನೀರು, ಕಾರು ತೊಳಿಯಾಕ ಒಂದು ಬಕೆಟ್.”

ನಾನು ಓದಿದ ಯಾವ ಕೈಪಿಡಿಯಲ್ಲೂ ಇಷ್ಟು ನೇರವಾಗಿ ಹೇಳಿರಲಿಲ್ಲ. ಗವಸು ಮರಳನ್ನು ನುಂಗುತ್ತದೆ, ನುಂಗಿದ್ದನ್ನು ಬಿಡಿಸಲು ನೀರು ಬೇಕು. ಸಾಲಾಗಿ ಹನ್ನೆರಡು ಕಾರು ತೊಳೆಯುವವರಿಗೆ ಒಂದೇ ಬಕೆಟ್ಟು, ಒಂದೇ ಗವಸು ಇದ್ದರೆ ಮೊದಲ ಕಾರಿನ ಮರಳು ಹನ್ನೆರಡನೆಯ ಕಾರಿಗೆ ಗೀರು ಹಾಕುತ್ತದೆ. ಲಂಡನ್ನಿನ ಓಣಿಯ ನಿಯಮಗಳೆಲ್ಲ ನೀರು ಧಾರಾಳವಾಗಿದ್ದಲ್ಲಿ ಹುಟ್ಟಿದವು. ಬೆಂಗಳೂರಿನಲ್ಲಿ 2024ರ ಮಾರ್ಚಿನಲ್ಲಿ ಜಲಮಂಡಳಿ ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿತು, ತಪ್ಪಿದರೆ 5,000 ರೂಪಾಯಿ ದಂಡ. ಅದೇ ತಿಂಗಳು ನೀರು ದುರ್ಬಳಕೆಗಾಗಿ 22 ಮನೆಗಳಿಂದ 1.1 ಲಕ್ಷ ರೂಪಾಯಿ ವಸೂಲಾಯಿತೆಂದು ಪತ್ರಿಕೆಗಳಲ್ಲಿ ಓದಿದೆವು. ಕಾರು ತೊಳೆದು ಬದುಕುವವರ ಆ ತಿಂಗಳು ಹೇಗೆ ಕಳೆಯಿತೆಂದು ನಾನು ಎಲ್ಲೂ ಓದಲಿಲ್ಲ.

ಬ್ರಷ್ಷು ಹೋಗಿ ಕೈ ಮರಳಿ ಬಂದದ್ದು ಎಲ್ಲ ಕಡೆ ಕುಶಲತೆಯ ಗೆಲುವೂ ಅಲ್ಲ. ಬ್ರಿಟನ್ನಿನಲ್ಲಿ ಈ ಶತಮಾನದ ಮೊದಲ ದಶಕಗಳಲ್ಲಿ ತಿರುಗುವ ಬ್ರಷ್ಷಿನ ಯಂತ್ರಗಳು ಮೂಲೆಗೆ ಸರಿದು, ರಸ್ತೆ ಬದಿಯಲ್ಲಿ ಕೈಯಿಂದ ತೊಳೆಯುವ ಅಡ್ಡೆಗಳು ಸಾವಿರಗಟ್ಟಲೆ ಎದ್ದವು. 2018ರಲ್ಲಿ ಅಲ್ಲಿನ ಸಂಸತ್ತಿನ ಪರಿಸರ ಸಮಿತಿ ಈ ಬಗ್ಗೆ ವರದಿಯನ್ನೇ ಕೊಟ್ಟಿತು: ಇಂಥ ಅಡ್ಡೆಗಳು ಹತ್ತರಿಂದ ಇಪ್ಪತ್ತು ಸಾವಿರ ಇರಬಹುದು, ಹಲವೆಡೆ ವಲಸಿಗರನ್ನು ಕನಿಷ್ಠ ಕೂಲಿಯೂ ಇಲ್ಲದೆ ದುಡಿಸಿಕೊಳ್ಳುತ್ತಿದ್ದಾರೆ ಎಂದು. ಯಂತ್ರ ಹೋಗಿ ಮನುಷ್ಯ ಬಂದ ಅಪರೂಪದ ಉದಾಹರಣೆಯೆಂದು ಅರ್ಥಶಾಸ್ತ್ರ ಓದುವವರು ಇದನ್ನು ತೋರಿಸುವುದುಂಟು. ಯಂತ್ರಕ್ಕಿಂತ ಮನುಷ್ಯ ಅಗ್ಗವಾಗಿದ್ದ, ಅಷ್ಟೆ.

ನನ್ನನ್ನು ಕೇಳಿದರೆ ಚಕ್ರಕ್ಕೆ ಬ್ರಷ್ಷು, ಮೈಗೆ ಗವಸು, ಆದರೆ ಎರಡು ಬಕೆಟ್ ನೀರಿದ್ದರೆ ಮಾತ್ರ. ನೀರಿಲ್ಲದಿದ್ದರೆ ಏನು ಮಾಡಬೇಕೆಂದು ನಮ್ಮ ರಾಯಚೂರಿನ ಹಿರಿಯರು ಕಂಡುಕೊಂಡಿದ್ದಾರೆ. ಆ ಬೇಸಿಗೆಯ ನಂತರ ಅವರು ಗವಸನ್ನು ಗೇಟಿನ ಪಕ್ಕದ ಮೊಳೆಗೆ ನೇತುಹಾಕಿ, ಹಳೆಯ ಬನಿಯನ್ನುಗಳನ್ನು ಕತ್ತರಿಸಿ ಏಳೆಂಟು ತುಂಡು ಮಾಡಿಕೊಂಡರು. ಎಲ್ಲವನ್ನೂ ಅರ್ಧ ಬಕೆಟ್ ನೀರಿನಲ್ಲಿ ನೆನೆಸಿ, ಒಂದೊಂದನ್ನೇ ತೆಗೆದು, ನೀರು ಸೋರುವಂತೆಯೇ ಕಾರಿನ ಮೇಲೆ ಎಳೆಯುತ್ತಾರೆ. ಬಾಗಿಲಿಗೊಂದು, ಬಾನೆಟ್ಟಿಗೊಂದು, ನೆತ್ತಿಗೊಂದು. ಒಂದು ಮಗ್ಗುಲು ಕೊಳೆಯಾದರೆ ಮಡಚಿ ಇನ್ನೊಂದು ಮಗ್ಗುಲು. ಒಮ್ಮೆ ಕಾರಿಗೆ ತಾಕಿದ ತುಂಡು ಮತ್ತೆ ಬಕೆಟ್ಟಿಗೆ ಇಳಿಯುವುದಿಲ್ಲ. ಅದು ಪಕ್ಕದ ಕಟ್ಟೆಯ ಮೇಲೆ ಬೀಳುತ್ತದೆ, ಮಧ್ಯಾಹ್ನ ಎಲ್ಲವನ್ನೂ ಒಟ್ಟಿಗೆ ಒಗೆದು ಒಣಹಾಕುತ್ತಾರೆ.