ನ್ಯೂಟ್ರಾನಿನ ನಡಿಗೆ

ಸುಳ್ಳದ ಬಯಲಿನಲ್ಲಿ ಗೋಲಿಯಾಡುವ ಬಾಲಕರು ಬಲ್ಲ ಸಂಗತಿಯೊಂದುಂಟು: ಓಡಿಬಂದ ಗೋಲಿಯು ತನ್ನಷ್ಟೇ ತೂಕದ ಗೋಲಿಗೆ ನೇರವಾಗಿ ತಾಕಿದರೆ ಬಹುಮಟ್ಟಿಗೆ ತಾನು ನಿಲ್ಲುವುದು, ಗುಂಡುಕಲ್ಲಿಗೆ ತಾಕಿದರೆ ಹಿಂದಕ್ಕೆ ಪುಟಿಯುವುದು. 1932ರಲ್ಲಿ ಚ್ಯಾಡ್ವಿಕ್ ಪಂಡಿತರು ಕಂಡುಹಿಡಿದ ನ್ಯೂಟ್ರಾನಿನ ಗತಿಯೂ ಇದೇ.

ಯುರೇನಿಯಮ್ ಸೀಳಿದಾಗ ಹೊರಡುವ ನ್ಯೂಟ್ರಾನಿನ ಶಕ್ತಿಯು ಸುಮಾರು 20 ಲಕ್ಷ ಎಲೆಕ್ಟ್ರಾನ್‌ವೋಲ್ಟು. ವೇಗವು ಸೆಕೆಂಡಿಗೆ ಸುಮಾರು 20,000 ಕಿಲೋಮೀಟರು. ಇಂತಹ ಅವಸರದ ಅತಿಥಿಯನ್ನು ಮತ್ತೊಂದು ಯುರೇನಿಯಮ್ ಬೀಜವು ಸುಲಭವಾಗಿ ಬರಮಾಡಿಕೊಳ್ಳದು. ಜಲಜನಕದ ಪರಮಾಣುಗಳಿಗೆ ಸರಾಸರಿ 18 ಸಲ ತಾಕಿ ಚೆದರಿದರೆ ಶಕ್ತಿಯು 0.025 ಎಲೆಕ್ಟ್ರಾನ್‌ವೋಲ್ಟಿಗೂ ವೇಗವು 2.2 ಕಿಲೋಮೀಟರಿಗೂ ಇಳಿಯುವುದು. ಮೇಣವು ನ್ಯೂಟ್ರಾನನ್ನು ಹೀಗೆ ನಿಧಾನಗೊಳಿಸುವುದೆಂದು ರೋಮ್ ನಗರದಲ್ಲಿ ಫರ್ಮಿಯವರು 1934ರಲ್ಲಿಯೇ ತೋರಿಸಿದ್ದರು.

ಈ ಚರಿತ್ರೆಯಲ್ಲಿ ಕನ್ನಡ ನಾಡಿಗೂ ಪಾಲುಂಟೆಂಬುದನ್ನು ನಾವು ಮರೆಯಲಾಗದು. ತುಮಕೂರಿನಲ್ಲಿ 1925ರಲ್ಲಿ ಜನಿಸಿದ ರಾಜಾ ರಾಮಣ್ಣನವರೂ ಅವರ ಸಂಗಡಿಗರೂ 1950ರ ದಶಕದಲ್ಲಿ ಮುಂಬಯಿಯಲ್ಲಿ, ನೀರಿನೊಳಕ್ಕೂ ಬೆರಿಲಿಯಮ್ ಆಕ್ಸೈಡಿನೊಳಕ್ಕೂ ನ್ಯೂಟ್ರಾನುಗಳನ್ನು ಮಿಡಿತ ಮಿಡಿತವಾಗಿ ಬಿಟ್ಟು, ಅವು ತಣಿಯುವ ಬಗೆಯನ್ನು ಅಳೆದರು. ಇದು ಬರಿಯ ಕುತೂಹಲವಲ್ಲ. ಸಾದಾ ನೀರು ನ್ಯೂಟ್ರಾನುಗಳನ್ನು ಬೇಗನೆ ತಣಿಸುವುದು, ಆದರೆ ಹಲವನ್ನು ನುಂಗಿಯೂ ಬಿಡುವುದು, ಕಾಯುವವನೇ ಕದ್ದಂತೆ! ಭಾರಜಲವು ತಡವಾಗಿ ತಣಿಸಿದರೂ ನುಂಗುವುದು ತೀರ ಕಡಮೆ. ಪುಷ್ಟಿಗೊಳಿಸಿದ ಯುರೇನಿಯಮಿಗಾಗಿ ಪರರ ಮುಂದೆ ಕೈಯೊಡ್ಡದೆ, ನೆಲದಿಂದ ತೆಗೆದ ಸಹಜ ಯುರೇನಿಯಮಿನಲ್ಲಿಯೇ ಸರಪಳಿ ಕ್ರಿಯೆ ನಡೆಯಬೇಕಾದರೆ ಸಾದಾ ನೀರು ಸಾಲದು.

ಆದುದರಿಂದಲೇ ಕಾಳೀ ನದಿಯ ದಡದ ಕೈಗಾದಲ್ಲಿ ಭಾರಜಲವನ್ನು ತುಂಬಿದರು. 2000ರಲ್ಲಿ ಅಲ್ಲಿ ವಿದ್ಯುತ್ತಿನ ವಾಣಿಜ್ಯೋತ್ಪಾದನೆ ಮೊದಲಾಯಿತು. ಅದನ್ನು ಹೊತ್ತ 400 ಕಿಲೋವೋಲ್ಟಿನ ತಂತಿಗಳು ಘಟ್ಟವನ್ನೇರಿ ಧಾರವಾಡದ ಮಗ್ಗುಲಿನ ನರೇಂದ್ರಕ್ಕೆ ಬಂದಿವೆ.