ಕಿವಿಯಲ್ಲಿ ಹೇಳುವ ಹೆಸರು

ಹೈದರಾಬಾದಿನಲ್ಲಿರುವ ನನ್ನ ತಮ್ಮನಿಗೆ ಎರಡು ತಿಂಗಳ ಹಿಂದೆ ಮಗಳು ಹುಟ್ಟಿದಳು. ನಮ್ಮ ಗದಗಿನ ಕಡೆ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಅದರ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಹೇಳುವವಳು ಸೋದರತ್ತೆ. ಹಾಗಾಗಿ ಪುಣೆಯಲ್ಲಿರುವ ನನಗೆ ಫೋನು ಬಂತು.

“ಅಕ್ಕಾ, ಹಳೇ ಹೆಸರು ಬೇಕು ನೋಡು. ನಮ್ಮ ಅಜ್ಜಿ, ಅವರ ಅಜ್ಜಿ ಕಾಲದ್ದು. ಆದ್ರ ಕೂಸಿಗೆ ಒಪ್ಪಬೇಕು. ಈಕಿ ಭಾಳ ಶಾಂತ ಇದ್ದಾಳ, ಆದ್ರ ಹಟ ಹಿಡಿದ್ರ ಬಿಡಂಗಿಲ್ಲ.”

ಗಂಡ ಹೆಂಡತಿ ಇಬ್ಬರೂ ಸಾಫ್ಟ್‌ವೇರ್ ಮಂದಿ. ಫೋನಿಟ್ಟ ಹತ್ತು ನಿಮಿಷಕ್ಕೆ ಒಂದು ಎಕ್ಸೆಲ್ ಹಾಳೆ ಬಂತು. ಒಂದು ಕಾಲಂನಲ್ಲಿ ಹೆಸರು, ಇನ್ನೊಂದರಲ್ಲಿ ದಶಕ, ಮೂರನೆಯದರಲ್ಲಿ ಸ್ವಭಾವ. ಅಂಬುಜಾ, 1940, ಸೌಮ್ಯ. ಸರೋಜಾ, 1950, ಜಾಣೆ. ಕಲ್ಪನಾ, 1970, ಭಾವುಕ. ಹೀಗೆ ಅರವತ್ತು ಸಾಲು. ಅದರಲ್ಲಿ ನಮ್ಮ ಸ್ವಂತ ಅಜ್ಜಿಯ ಹೆಸರೊಂದೇ ಇರಲಿಲ್ಲ. ಅಜ್ಜಿಯ ಹೆಸರು ಸಾಕವ್ವ.

ಯಾಕೆ ಬಿಟ್ಟಿದ್ದೀಯ ಎಂದು ನಾನು ಕೇಳಲಿಲ್ಲ; ಕಾರಣ ಗೊತ್ತಿತ್ತು. ಆದರೆ ಅವನ ಮೂರನೆಯ ಕಾಲಂ ನನ್ನನ್ನು ಕಾಡತೊಡಗಿತು. ಹಳೆಯ ಹೆಸರು ಆರಿಸಿ ಸ್ವಭಾವಕ್ಕೆ ಹೊಂದಿಸುತ್ತೇವೆ ಎನ್ನುತ್ತೇವಲ್ಲ, ಆ ಹಳೆಯ ಕಾಲದವರು ಹೆಸರಿಡುವಾಗ ಸ್ವಭಾವವನ್ನು ನೋಡುತ್ತಿದ್ದರೇ?

ಮೊದಲು ಶಾಸನಗಳ ಕಡೆ ಹೋಗೋಣ. ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನ 5ನೇ ಶತಮಾನದ್ದು. ಅದರಲ್ಲಿ ಮೃಗೇಶ, ನಾಗ, ಪಶುಪತಿ ಮುಂತಾದ ಹೆಸರುಗಳ ನಡುವೆ ವಿಜ ಅರಸ ಎಂಬವನು ಬರುತ್ತಾನೆ. ದಾನ ಸಿಕ್ಕಿದ್ದು ಅವನಿಗೆ. ಬಾದಾಮಿಯ ಬಂಡೆಯ ಮೇಲಿನ ಕಪ್ಪೆ ಅರಭಟ್ಟನ ಶಾಸನ ಇದಕ್ಕಿಂತ ಎರಡು ಮೂರು ಶತಮಾನ ಈಚಿನದು. ‘ಕಪ್ಪೆ’ ಎಂಬ ಪದ ಕೇಳಿದರೆ ಇಂದಿನವರಿಗೆ ನಗು ಬರುತ್ತದೆ. ಆದರೆ ಆ ಶಾಸನ ಅವನ ಸ್ವಭಾವವನ್ನು ಹೆಸರಿನಿಂದ ಹೇಳುವ ಗೋಜಿಗೇ ಹೋಗುವುದಿಲ್ಲ. ಅವನು ಯಾರೊಂದಿಗೆ ಹೇಗೆ ನಡೆದುಕೊಳ್ಳುತ್ತಿದ್ದ, ಕೆಣಕಿದವರಿಗೆ ಏನಾಗುತ್ತಿತ್ತು ಎಂಬುದಕ್ಕೆ ತ್ರಿಪದಿಗಳನ್ನೇ ಕೆತ್ತಿಸಿದ್ದಾರೆ. ಹೆಸರು ಬೇರೆ, ಗುಣ ಬೇರೆ. ಗುಣ ಹೇಳಬೇಕಾದರೆ ಪದ್ಯ ಬೇಕು.

10ನೇ ಶತಮಾನಕ್ಕೆ ಬಂದರೆ ನಮ್ಮ ಹೆಂಗಸರ ಹೆಸರುಗಳು ಧಾರಾಳವಾಗಿ ಸಿಗುತ್ತವೆ. ತಮ್ಮನಿರುವ ತೆಲಂಗಾಣದಲ್ಲೇ, ಕರೀಂನಗರದ ಬಳಿಯ ಕುರಿಕ್ಯಾಲದ ಬಂಡೆಯ ಮೇಲೆ ಪಂಪನ ತಮ್ಮ ಜಿನವಲ್ಲಭ ಕೆತ್ತಿಸಿದ ಶಾಸನವಿದೆ. ಪಂಪನ ತಾಯಿ ಅಬ್ಬಣಬ್ಬೆ ಎಂದು ನಮಗೆ ಗೊತ್ತಾದದ್ದು ಅದರಿಂದ. ರನ್ನನ ತಾಯಿ ಅಬ್ಬಲಬ್ಬೆ. ನಮ್ಮೂರಿನ ಪಕ್ಕದ ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದವಳು ಅತ್ತಿಮಬ್ಬೆ. ಅವಳ ತಂಗಿ ಗುಂಡಮಬ್ಬೆ. ಎಲ್ಲದರ ಕೊನೆಗೂ ‘ಅಬ್ಬೆ’, ಅಂದರೆ ತಾಯಿ. ನಮ್ಮ ಅವ್ವ, ಅಮ್ಮ, ಅಕ್ಕ, ಅಪ್ಪ, ಅಣ್ಣ, ಅಯ್ಯ ಎಲ್ಲವೂ ಇದೇ ಜಾಡಿನವು. ಆಗತಾನೆ ಹುಟ್ಟಿದ ಕೂಸಿಗೆ ತಾಯಿ ಎಂದೋ ಅಪ್ಪ ಎಂದೋ ಕರೆಯುವುದು ಕನ್ನಡದ ಹೆಸರುಗಳ ರೀತಿ. ಅದು ಸ್ವಭಾವವನ್ನು ಹೇಳುವುದಿಲ್ಲ, ನಂಟನ್ನು ಹೇಳುತ್ತದೆ.

ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನ ತನ್ನ ಮಗನಿಗೆ ರಾಯ ಎಂದೂ ಮಗಳಿಗೆ ಅತ್ತಿಮಬ್ಬೆ ಎಂದೂ ಹೆಸರಿಟ್ಟ. ಒಂದು ಹೆಸರು ತನ್ನನ್ನು ಪೊರೆದ ಚಾವುಂಡರಾಯನದು, ಇನ್ನೊಂದು 993ರಲ್ಲಿ ತನ್ನಿಂದ ಅಜಿತಪುರಾಣ ಬರೆಸಿದ ಅತ್ತಿಮಬ್ಬೆಯದು. ಆ ಮಕ್ಕಳು ಶಾಂತರಿದ್ದರೋ ಹಟಮಾರಿಗಳೋ ಯಾರೂ ಬರೆದಿಟ್ಟಿಲ್ಲ. ತಂದೆ ನೋಡಿದ್ದು ಕೂಸಿನ ಮುಖವನ್ನಲ್ಲ, ತನಗಿದ್ದ ಋಣವನ್ನು. ಇತ್ತ ಅತ್ತಿಮಬ್ಬೆಯ ಗುಣಕ್ಕೆ ಒಪ್ಪುವ ಹೆಸರೂ ಇತ್ತು: ದಾನಚಿಂತಾಮಣಿ. ಆದರೆ ಅದು ತೊಟ್ಟಿಲಲ್ಲಿ ಸಿಕ್ಕಿದ್ದಲ್ಲ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದವಳು ಬದುಕಿ ಗಳಿಸಿದ್ದು.

ಇನ್ನು ಶಾಸ್ತ್ರ ಏನು ಹೇಳುತ್ತದೆ? ಮನುಸ್ಮೃತಿಯ ಪ್ರಕಾರ ಹತ್ತನೆಯ ಅಥವಾ ಹನ್ನೆರಡನೆಯ ದಿನ ಹೆಸರಿಡಬೇಕು. ಬ್ರಾಹ್ಮಣನ ಹೆಸರಲ್ಲಿ ಮಂಗಳ, ಕ್ಷತ್ರಿಯನದರಲ್ಲಿ ಬಲ, ವೈಶ್ಯನದರಲ್ಲಿ ಧನ, ಶೂದ್ರನದರಲ್ಲಿ ಹೀನತೆ ಕಾಣಬೇಕು. ಹೆಣ್ಣಿನ ಹೆಸರು ಉಚ್ಚರಿಸಲು ಸುಲಭವಾಗಿರಬೇಕು, ಮನಸ್ಸಿಗೆ ಹಿತವಾಗಿರಬೇಕು. ಹನ್ನೆರಡು ದಿನದ ಕೂಸಿನ ಸ್ವಭಾವ ಯಾರಿಗೆ ಗೊತ್ತು? ಗೊತ್ತಿದ್ದದ್ದು ಜಾತಿ ಮಾತ್ರ. ‘ವ್ಯಕ್ತಿಗೆ ಒಪ್ಪುವ ಹೆಸರು’ ಎಂಬ ಮಾತನ್ನು ಶತಮಾನಗಳ ಕಾಲ ‘ಅವರ ಜಾಗಕ್ಕೆ ಒಪ್ಪುವ ಹೆಸರು’ ಎಂದೇ ಓದಿಕೊಂಡಿದ್ದೇವೆ. ತುಳುನಾಡಿನಲ್ಲಿ ಕೊರಗರಲ್ಲೂ ಇತರ ಕೆಲವು ಸಮುದಾಯಗಳಲ್ಲೂ ಮಕ್ಕಳಿಗೆ ಹುಟ್ಟಿದ ವಾರದ ಹೆಸರಿಡುತ್ತಿದ್ದರು: ಐತ, ಅಂಗಾರ, ಗುರುವ, ತುಕ್ರ, ತನಿಯ. ದೊಡ್ಡ ದೇವರ ಹೆಸರು ಇಟ್ಟುಕೊಳ್ಳುವ ಧೈರ್ಯ ಎಲ್ಲರಿಗೂ ಇರಲಿಲ್ಲ. ಹಳೆಯ ಹೆಸರುಗಳ ಪಟ್ಟಿ ಮಾಡುವಾಗ ನಾವು ಇದನ್ನೂ ನೆನಪಿಡಬೇಕು. ಅಂಬುಜಾ ವಸುಂಧರಾ ಮಾತ್ರ ‘ಹಳೆಯದು’, ತುಕ್ರ ಹಳೆಯದಲ್ಲ ಎಂದರೆ ನಾವು ಆರಿಸುತ್ತಿರುವುದು ದಶಕವನ್ನಲ್ಲ.

ಹೆಸರಿಗೂ ಗುಣಕ್ಕೂ ತಾಳೆಯಾಗಬೇಕು ಎಂಬ ಹಂಬಲ ಮಾತ್ರ ಹೊಸದಲ್ಲ. ಬೌದ್ಧರ ನಾಮಸಿದ್ಧಿ ಜಾತಕದಲ್ಲಿ ತಕ್ಷಶಿಲೆಯ ಒಬ್ಬ ವಿದ್ಯಾರ್ಥಿ ಬರುತ್ತಾನೆ. ಅವನ ಹೆಸರು ಪಾಪಕ. ನಾಚಿಕೆಯಾಗಿ ಬೇರೆ ಹೆಸರು ಹುಡುಕಲು ಹೊರಡುತ್ತಾನೆ. ದಾರಿಯಲ್ಲಿ ಒಂದು ಹೆಣ ಸಾಗುತ್ತಿರುತ್ತದೆ. ಸತ್ತವನ ಹೆಸರು ಜೀವಕ. ಮುಂದೆ ದುಡಿಮೆಯ ಹಣ ತರಲಿಲ್ಲವೆಂದು ಒಬ್ಬ ದಾಸಿಗೆ ಹೊಡೆಯುತ್ತಿರುತ್ತಾರೆ. ಅವಳ ಹೆಸರು ಧನಪಾಲಿ. ಇನ್ನೂ ಮುಂದೆ ದಾರಿ ತಪ್ಪಿದವನೊಬ್ಬ ಸಿಗುತ್ತಾನೆ. ಅವನ ಹೆಸರು ಪಂಥಕ. ಪಾಪಕ ಸುಮ್ಮನೆ ಹಿಂದಿರುಗುತ್ತಾನೆ. ನಮ್ಮವರು ಇದನ್ನೇ ಒಂದು ಗಾದೆಯಲ್ಲಿ ಮುಗಿಸಿದ್ದಾರೆ: ಹೆಸರಿಗೆ ಹೊನ್ನ ಹೊಳೆ, ಕುಡಿಯೋಕೆ ನೀರಿಲ್ಲ.

ಹಳ್ಳಿಯ ಹೆಸರುಗಳ ಹಿಂದೆ ಇರುವುದು ಹೆಚ್ಚಾಗಿ ಹರಕೆ, ಇಲ್ಲವೇ ಭಯ. ಎಲ್ಲವ್ವ, ಹುಲಿಗೆವ್ವ, ಮೈಲಾರಪ್ಪ, ಮಂಜುನಾಥ ಎಂದರೆ ಆ ದೇವರಿಗೆ ನಡೆದುಕೊಂಡವರು. ಫಕೀರಪ್ಪ, ಪೀರಪ್ಪ ಎಂದರೆ ದರ್ಗಾಕ್ಕೆ ಹರಕೆ ಹೊತ್ತವರ ಮಗ. ಹಣೆಯಲ್ಲಿ ವಿಭೂತಿ ಇರುವ ಫಕೀರಪ್ಪಂದಿರು ನಮ್ಮ ಕಡೆ ಊರೂರಲ್ಲಿ ಇದ್ದರು. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮುಂದಿನ ಕೂಸಿಗೆ ತಿರಕಪ್ಪ, ಹುಚ್ಚಪ್ಪ, ಕಲ್ಲಪ್ಪ ಎಂದು ಹೆಸರು ಬೀಳುತ್ತಿತ್ತು. ತಿರುಕನನ್ನು, ಹುಚ್ಚನನ್ನು, ಕಲ್ಲನ್ನು ಸಾವು ಮುಟ್ಟಲಾರದು ಎಂಬ ಆಸೆ. ಕೇಳಲು ಒರಟಾದ ಈ ಹೆಸರುಗಳಲ್ಲಿ ಇದ್ದಷ್ಟು ಪ್ರೀತಿ ನಮ್ಮ ಎಕ್ಸೆಲ್ ಹಾಳೆಯ ಯಾವ ಹೆಸರಿನಲ್ಲೂ ಇಲ್ಲ ಅನ್ನಿಸುತ್ತದೆ.

ಆದರೆ ಎಲ್ಲ ಒರಟು ಹೆಸರುಗಳೂ ಪ್ರೀತಿಯವಲ್ಲ. ಹೆಣ್ಣುಮಕ್ಕಳೇ ಹುಟ್ಟುತ್ತಿದ್ದ ಮನೆಯಲ್ಲಿ ಇನ್ನು ಸಾಕು ಎಂದು ದೇವರಿಗೆ ಹೇಳಲು ಇಟ್ಟ ಹೆಸರು ಸಾಕವ್ವ. ಮರಾಠಿಯಲ್ಲಿ ಇದಕ್ಕೆ ‘ನಕುಸಾ’ ಎನ್ನುತ್ತಾರೆ, ಬೇಡವಾದವಳು ಎಂದು. ಇದೇನು ಅಜ್ಜಿಯ ಕಾಲದ ಮಾತಲ್ಲ. ನಾನಿರುವ ಪುಣೆಯ ಪಕ್ಕದ ಸಾತಾರಾ ಜಿಲ್ಲೆಯಲ್ಲಿ 2011ರ ಅಕ್ಟೋಬರಿನಲ್ಲಿ ಆಡಳಿತವೇ ಮುಂದೆ ನಿಂತು ಇಂಥ ಹೆಸರಿನ 285 ಹುಡುಗಿಯರಿಗೆ ಹೊಸ ಹೆಸರು ಕೊಡಿಸಿತು. ಆ ಸುದ್ದಿ ಓದಿದ ದಿನ ನನಗೆ ಅಜ್ಜಿ ನೆನಪಾಗಿದ್ದಳು. ಅವಳು ಐದನೆಯ ಹೆಣ್ಣು. ಹೆಸರಿನಿಂದ ಉಪಯೋಗವೇನೂ ಆಗಲಿಲ್ಲ, ಅವಳ ಬೆನ್ನಿಗೆ ಹುಟ್ಟಿದ್ದೂ ಹೆಣ್ಣೇ.

20ನೇ ಶತಮಾನದಲ್ಲಿ ನಮ್ಮ ಹೆಸರುಗಳು ಬದಲಾದ ಬಗೆಯನ್ನು ಕುಪ್ಪಳಿಯ ಒಂದೇ ಮನೆಯಲ್ಲಿ ನೋಡಬಹುದು. ವೆಂಕಟಪ್ಪನವರ ಮಗ ಪುಟ್ಟಪ್ಪ. ಪುಟ್ಟಪ್ಪನವರು ಕುವೆಂಪು ಆದರು. ಅವರ ಮಕ್ಕಳು ಪೂರ್ಣಚಂದ್ರ ತೇಜಸ್ವಿ, ಕೋಕಿಲೋದಯ ಚೈತ್ರ, ಇಂದುಕಲಾ, ತಾರಿಣಿ. ತೇಜಸ್ವಿ ಹುಟ್ಟಿದ್ದು 1938ರಲ್ಲಿ. ಆ ಕಾಲದ ಮಲೆನಾಡಿಗೆ ಅದೆಂಥ ಹೊಸ ಹೆಸರಾಗಿರಬೇಕು! ಇಂದು ಅದೇ ನಮಗೆ ಹಳೆಯ ಕಾಲದ ಸೊಗಸು. ‘ಹಳೆಯ ಹೆಸರು’ ಎನ್ನುವುದು ಯಾರೋ ಧೈರ್ಯ ಮಾಡಿ ಇಟ್ಟ ಹೊಸ ಹೆಸರೇ.

ಆಳನ್ನು ನೋಡಿ ಹೆಸರಿಡುವ ಕೆಲಸ ನಮ್ಮಲ್ಲಿ ನಿಜವಾಗಿ ನಡೆದದ್ದು ಎರಡು ಕಡೆ. ಒಂದು ಸಾಹಿತ್ಯದ ಕಾವ್ಯನಾಮ. ಬೇಂದ್ರೆಯವರು ತಾಯಿ ಅಂಬಿಕೆಯನ್ನು ಸೇರಿಸಿಕೊಂಡು ಅಂಬಿಕಾತನಯದತ್ತ ಆದರು. ಸ್ವಂತ ಆಯ್ಕೆಯಲ್ಲೂ ಬಂದದ್ದು ಮತ್ತೆ ನಂಟೇ. ಇನ್ನೊಂದು ಸಿನಿಮಾ. 1954ರ ‘ಬೇಡರ ಕಣ್ಣಪ್ಪ’ದೊಂದಿಗೆ ಮುತ್ತುರಾಜ ರಾಜ್‌ಕುಮಾರ್ ಆದರು. ತಮ್ಮನ ಹಾಳೆಯಲ್ಲಿದ್ದ ‘ಭಾವುಕ’ ಕಲ್ಪನಾ, ಅಂದರೆ 1971ರ ‘ಶರಪಂಜರ’ದ ಕಲ್ಪನಾ, ಹುಟ್ಟಿದಾಗ ಶರತ್‌ಲತಾ. 1972ರ ‘ನಾಗರಹಾವು’ ಚಿತ್ರಕ್ಕಾಗಿ ಪುಟ್ಟಣ್ಣ ಕಣಗಾಲ್ ಸಂಪತ್ ಕುಮಾರ್ ಎಂಬ ಹುಡುಗನಿಗೆ 12ನೇ ಶತಮಾನದ ಹೊಯ್ಸಳ ದೊರೆಯ ಹೆಸರಿಟ್ಟು ವಿಷ್ಣುವರ್ಧನ್ ಮಾಡಿದರು. ಎಂಟುನೂರು ವರ್ಷ ಹಳೆಯ ಹೆಸರು ಸಿಡುಕಿನ ರಾಮಾಚಾರಿಗೆ ಎಷ್ಟು ಒಪ್ಪಿತೆಂದರೆ ಮೊದಲಿನದು ಮರೆತೇ ಹೋಯಿತು. ತಮಾಷೆಯೆಂದರೆ ಆ ದೊರೆಗೆ ಬಿಟ್ಟಿದೇವ ಎಂಬ ಹೆಸರೂ ಇತ್ತು. ‘ಬಿಟ್ಟಿ’ ಎನ್ನುವುದು ವಿಷ್ಣುವಿನ ಕನ್ನಡ ರೂಪ ಎನ್ನುತ್ತಾರೆ ವಿದ್ವಾಂಸರು. ಇಂದು ಬಿಟ್ಟಿ ಎಂದರೆ ಪುಕ್ಕಟೆ. ಪುಟ್ಟಣ್ಣ ಯಾವುದನ್ನು ಆರಿಸಿದರು, ಯಾವುದನ್ನು ಬಿಟ್ಟರು ಎಂಬುದು ಹಳೆಯ ಹೆಸರು ಹುಡುಕುವ ಎಲ್ಲರಿಗೂ ಪಾಠ. ಆದರೆ ಅವರು ಹೆಸರಿಟ್ಟಾಗ ಎದುರಿಗಿದ್ದದ್ದು ಬೆಳೆದ ಹುಡುಗ, ಎರಡು ತಿಂಗಳ ಕೂಸಲ್ಲ.

ಕೂಸಿನ ಸ್ವಭಾವ ತಿಳಿಯುವವರೆಗೆ ಕಾಯುತ್ತೇವೆ ಎನ್ನುವವರಿಗೆ ಕಾನೂನು ಸ್ವಲ್ಪ ದಾರಿ ಬಿಟ್ಟಿದೆ. 1969ರ ಜನನ ಮರಣ ನೋಂದಣಿ ಕಾಯ್ದೆಯಡಿ ಹೆಸರಿಲ್ಲದೆಯೇ ಜನನ ನೋಂದಾಯಿಸಿ, ಹನ್ನೆರಡು ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಮನು ಕೊಟ್ಟ ಹನ್ನೆರಡು ದಿನಕ್ಕಿಂತ ಇದು ಉದಾರ. ಆದರೂ ಒಂದು ವರ್ಷದಲ್ಲಿ ತಿಳಿಯುವ ಸ್ವಭಾವ ಎಷ್ಟು?

ಹೊರನಾಡಿನಲ್ಲಿರುವ ನಮಗೆ ಇನ್ನೊಂದು ಚಿಂತೆಯಿದೆ. ಇಲ್ಲಿಯ ಅರ್ಜಿಗಳು ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂದು ಮೂರು ಖಾನೆ ಕೇಳುತ್ತವೆ. ಹಳೇ ಮೈಸೂರಿನವರು ಊರಿನ ಇನಿಷಿಯಲ್ಲನ್ನು ಬಿಡಿಸಿ ಅಡ್ಡಹೆಸರು ಮಾಡಿಕೊಳ್ಳುತ್ತಾರೆ. ಮಂಜುನಾಥನ ಕೊನೆಯ ಅಕಾರ ಮೊದಲ ದಿನವೇ ಉದುರುತ್ತದೆ. ದೆಹಲಿಯಲ್ಲಿ ಮಂಗಳಾ ಮಂಗಲಾ ಆಗುತ್ತಾಳೆ. ತಮ್ಮನ ಮಗಳು ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಇಂಗ್ಲಿಷು ಕಲಿತು ಬೆಳೆಯುತ್ತಾಳೆ. ಅವಳ ಬಳಿ ಉಳಿಯುವ ಕನ್ನಡ ಅವಳ ಹೆಸರೊಂದೇ ಆಗಬಹುದು. ಹಾಗಿರುವಾಗ ಅದರೊಳಗೆ ಏನಿಡುತ್ತೇವೆ ಎಂಬುದು ಸಣ್ಣ ಮಾತಲ್ಲ.

ಕಳೆದ ಭಾನುವಾರ ತಮ್ಮನಿಗೆ ನಾನೇ ಫೋನು ಮಾಡಿದೆ. ಬೆಂಗಳೂರಿನ ಸಾಕಮ್ಮನ ಕಥೆ ಹೇಳಿದೆ. ಚಿಕ್ಕ ವಯಸ್ಸಿನಲ್ಲಿ ವಿಧವೆಯಾಗಿ, ಕೊಡಗಿನ ಕಾಫಿ ತೋಟ ನೋಡಿಕೊಂಡು, ಆಮೇಲೆ ಬಸವನಗುಡಿಯಲ್ಲಿ ಕಾಫಿಪುಡಿಯ ಉದ್ಯಮ ಕಟ್ಟಿ ‘ಕಾಫಿಪುಡಿ ಸಾಕಮ್ಮ’ ಎನಿಸಿಕೊಂಡವಳು. ಮೈಸೂರು ಪ್ರಜಾಪ್ರತಿನಿಧಿ ಸಭೆಯ ಸದಸ್ಯೆ, ಕೈಸರ್-ಎ-ಹಿಂದ್ ಪದಕ ಪಡೆದವಳು. ಬಸವನಗುಡಿಯ ಸಾಕಮ್ಮ ಗಾರ್ಡನ್ಸ್ ಇಂದಿಗೂ ಅವಳ ಹೆಸರಿನಲ್ಲಿದೆ. ‘ಸಾಕು’ ಎಂಬ ಶಬ್ದಕ್ಕೆ ಕನ್ನಡದಲ್ಲಿ ಎರಡು ಅರ್ಥ: ಇನ್ನು ಬೇಡ ಎಂಬುದು ಒಂದು, ಪೊರೆ, ಸಲಹು ಎಂಬುದು ಇನ್ನೊಂದು.

“ನಮ್ಮಜ್ಜಿಗೆ ಹೆಸರಿಟ್ಟವರು ಮೊದಲನೇ ಅರ್ಥದಾಗ ಇಟ್ಟರು,” ಅಂದೆ. “ಆಕಿ ಏನ್ ಮಾಡಿದ್ಲು ಗೊತ್ತೇನು? ತನ್ನ ಮೂರು ಮಕ್ಕಳ ಜೋಡಿ, ಸತ್ತ ತಂಗಿಯ ಇಬ್ಬರನ್ನೂ ಸಾಕಿದ್ಲು. ಆ ಹೆಸರಿಟ್ಟ ಮ್ಯಾಲೆ ಹುಟ್ಟಿದ್ಲಲ್ಲ, ಅದೇ ತಂಗಿ.”

ತಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದ. “ಇದು ನನಗ ಗೊತ್ತಿರಲಿಲ್ಲಕ್ಕಾ,” ಅಂದ.

ಕೂಸಿಗೆ ಸಾಕವ್ವ ಎಂದೇ ಇಡು ಎಂದು ನಾನು ಹೇಳಲಿಲ್ಲ, ಹೇಳುವುದೂ ಇಲ್ಲ. ಬೇಡವಾದವಳೆಂಬ ಅರ್ಥವನ್ನು ಇನ್ನೊಂದು ಹೆಣ್ಣುಮಗು ಹೊರಬೇಕಾಗಿಲ್ಲ. ಸಾತಾರಾದ ಹುಡುಗಿಯರು ಮಾಡಿದ್ದು ಸರಿಯೇ. ಹಳೆಯ ಹೆಸರು ಹುಡುಕುವವರಿಗೆ ನಾನು ಹೇಳುವುದು ಇಷ್ಟು. ಯಾವ ದಶಕದ್ದು, ಯಾವ ಸ್ವಭಾವದ್ದು ಎಂದು ಕೇಳುವ ಮೊದಲು ಆ ಹೆಸರನ್ನು ನಿಮ್ಮ ಮನೆಯಲ್ಲಿ ಯಾರು ಹೊತ್ತಿದ್ದರು, ಯಾಕೆ ಹೊತ್ತಿದ್ದರು ಎಂದು ಕೇಳಿ. ಉತ್ತರ ಸಿಕ್ಕ ಮೇಲೆ ಹೆಸರನ್ನು ಇಟ್ಟರೂ ಸರಿ, ಬಿಟ್ಟರೂ ಸರಿ. ಉತ್ತರವನ್ನು ಮಾತ್ರ ಮಗುವಿಗೆ ಹೇಳಬೇಕು.

ತೊಟ್ಟಿಲು ಮುಂದಿನ ತಿಂಗಳು. ನಿನ್ನೆ ಹಾಳೆ ಮತ್ತೆ ಬಂದಿದೆ. ಅರವತ್ತೊಂದನೆಯ ಸಾಲಿನಲ್ಲಿ ಅಜ್ಜಿಯ ಹೆಸರಿದೆ. ಮೂರನೆಯ ಕಾಲಂನ ತಲೆಬರಹವನ್ನು ತಮ್ಮ ಬದಲಾಯಿಸಿದ್ದಾನೆ. ‘ಸ್ವಭಾವ’ ಎಂದಿದ್ದ ಕಡೆ ಈಗ ‘ಯಾರ ಹೆಸರು’ ಎಂದಿದೆ. ಅರವತ್ತು ಸಾಲು ಖಾಲಿ ಇವೆ, ಒಂದು ತುಂಬಿದೆ.